ಪೌಡರ್ ಹಚ್ಚಿಕೊಂಡ ಇಂಜಿನ್

ಸ್ಮಾಲ್ ಹೀತ್, ಬರ್ಮಿಂಗ್‌ಹ್ಯಾಮ್
ಶನಿವಾರ, ಏಪ್ರಿಲ್ ೨೦, ೧೯೭೪

ಪ್ರೀತಿಯ ಸೆಡ್ರಿಕ್,

ನೀನು ಬ್ಯೂಡ್ಲಿಯಲ್ಲಿರುವ ನಿನ್ನಣ್ಣನ ಮನೆಗೆ ಹೋಗಿ ಆರು ತಿಂಗಳಾಯಿತು. ನಾನಾಗಿ ಬರೆಯಬಾರದೆಂದು ಹಟ ಹಿಡಿದಿದ್ದೆ. ಸಾಕಾಗಿದೆ. ನೀನು ವಾಪಸ್ ಬರಬೇಕು. ಇದನ್ನು ಮೊದಲೇ ಹೇಳದಿದ್ದರೆ ಸುತ್ತಿ ಬಳಸಿ ನಾಲ್ಕು ಪುಟ ಬರೀ ಹವೆಯ ಬಗ್ಗೆ ಬರೆದುಬಿಡುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಆ ಭಾನುವಾರ ನಾನಾಡಿದ ಮಾತು ಹೆಚ್ಚಾಯಿತು. ಆದರೂ ನನ್ನಮ್ಮ ಊಟಕ್ಕೆ ಬಂದ ದಿನವೇ, ಬೇರಿಂಗ್ ಸಲೀಸಾಗಿ ಕೂರಲಿ ಎಂದು ನಿನ್ನ ಮೋಟಾರ್‌ಸೈಕಲ್ಲಿನ ಇಂಜಿನ್ ಕವಚವನ್ನು ನನ್ನ ಓವನ್ನಿನಲ್ಲಿ ಕಾಯಲು ಇಡಬೇಕಿತ್ತೇ? ಎಣ್ಣೆ ವಾಸನೆಯ ಪುಡಿಂಗ್ ಬಾಯಿಗಿಟ್ಟ ಅಮ್ಮನ ಮುಖ ನೆನೆದರೆ ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ. ಗಾಡಿ ಬೇಕೋ ನಾನು ಬೇಕೋ ಎಂದು ಕೇಳಿದೆ. ನೀನು ಎರಡು ದಿನ ಶೆಡ್ಡಿನಲ್ಲೇ ಕೂತು ಇಂಜಿನ್ ಜೋಡಿಸಿಟ್ಟು, ಇಬ್ಬರನ್ನೂ ಬಿಟ್ಟು ಹೊರಟುಹೋದೆ.

ಸಿಟ್ಟಿನಲ್ಲಿ ಜೋಡಿಸಿದ್ದಕ್ಕೋ ಏನೋ, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಲೇ ಇತ್ತು. ಈ ತಿಂಗಳು ಪಕ್ಕದ ಮನೆಯ ಎನಿಡ್‌ಳನ್ನು ಕರೆದೆ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸಿದ ಕೈ ಅವಳದು. ಅವಳು ಬರುವ ಮುಂಚೆ ಎಣ್ಣೆ ಟ್ಯಾಂಕ್ ತೆರೆದು ನೋಡಿದರೆ ತಳ ಕಾಣುತ್ತಿತ್ತು. ಎಲ್ಲ ಸೋರಿಹೋಗಿದೆ ಎಂದು ತುಂಬಿಸಿಬಿಟ್ಟೆ. ಅವಳು ಒದ್ದು ಚಾಲೂ ಮಾಡಿದ್ದೇ ತಡ, ಗಾಳಿ ಬಿಡುವ ಕೊಳವೆಯಿಂದ ಎಣ್ಣೆ ಚಿಮ್ಮಿತು. ಒಣಹಾಕಿದ್ದ ಬಿಳಿ ಬೆಡ್‌ಶೀಟಿಗೆಲ್ಲ ಕಪ್ಪು ಚುಕ್ಕಿ.

"ಅಯ್ಯೋ ಪೆದ್ದಿ! ಟ್ಯಾಂಕಲ್ಲಿದ್ದಿದ್ದು ಇಂಜಿನ್ ತಳಕ್ಕೆ ಇಳಿದು ಕೂತಿತ್ತು ಕಣೇ. ತಿಂಗಳುಗಟ್ಲೆ ನಿಂತ್ರೆ ಹಂಗೇ ಆಗೋದು. ನಿನ್ ಗಂಡ ಹೇಳ್ಕೊಟ್ಟಿಲ್ವಾ?"

ಹೇಳಿಕೊಡಲು ನೀನು ಬಂದಾಗಲೆಲ್ಲ ನಾನು ಕಿವಿಗೊಡಲಿಲ್ಲ, ಅದೂ ನಿಜ.

ಹೆಚ್ಚಾದ ಎಣ್ಣೆ ಇಳಿಸಿ, ಇಂಜಿನ್ನನ್ನು ತೊಳೆದು ಒರೆಸಿ, ಮೈತುಂಬ ನನ್ನ ಲ್ಯಾವೆಂಡರ್ ಪೌಡರ್ ಹಚ್ಚಿದೆವು. ಹಿಟ್ಟು ಉದುರಿಸಿದ ಬ್ರೆಡ್ಡಿನ ಹಾಗೆ ಬೆಳ್ಳಗೆ ಕೂತಿತ್ತು. ಚಾಲೂ ಮಾಡಿ ಕಾದೆವು. ಬಿಸಿ ಏರಿದಂತೆ ಶೆಡ್ಡಿನ ತುಂಬ ಲ್ಯಾವೆಂಡರ್ ವಾಸನೆ. ಆ ಬಿಳುಪಿನ ಮೇಲೆ ಎಲ್ಲಿಂದಲೋ ಒಂದು ಕಪ್ಪು ಗೆರೆ ಮೆಲ್ಲಗೆ ಇಳಿಯಿತು, ಆಮೇಲೆ ಇನ್ನೊಂದು. ಸೋರುವ ಜಾಗ ಎರಡೇ: ಮೇಲಿನ ಮುಚ್ಚಳ, ಕೆಳಗಿನ ಬೋಲ್ಟು.

ಬೋಲ್ಟಿನ ತಾಮ್ರದ ವಾಷರನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ, ಮೆತ್ತಗಾಯಿತು. ಮುಚ್ಚಳದ ಅಂಚು ಸಮವಾಗಲು ಗಾಜಿನ ಮೇಲೆ ಉಜ್ಜುಕಾಗದ ಹಾಸಿ ಎಂಟರ ಆಕಾರದಲ್ಲಿ ತಿಕ್ಕಬೇಕಂತೆ. ತಿಕ್ಕುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು, ಸೆಡ್ರಿಕ್. ಕಣ್ಣೆದುರು ನೀನೂ ನಾನೂ ಗಾಡಿಯಲ್ಲಿ ಎಲ್ಲಿಗೋ ಹೋಗುತ್ತಿದ್ದೇವೆ. ನನ್ನ ಕೆನ್ನೆ ನಿನ್ನ ಕೋಟಿನ ಬೆನ್ನಿಗೆ ಒತ್ತಿದೆ. ಹೂಬಿಟ್ಟ ಸೇಬಿನ ಮರಗಳು ಹಿಂದೆ ಸರಿಯುತ್ತವೆ, ನದಿ ಪಕ್ಕಕ್ಕೆ ಬಂದು ಮತ್ತೆ ದೂರವಾಗುತ್ತದೆ. ತಲುಪುವ ಆತುರ ಇಬ್ಬರಿಗೂ ಇಲ್ಲ. ಎನಿಡ್ ಮೊಣಕೈಯಲ್ಲಿ ತಿವಿದಾಗಲೇ ಎಚ್ಚರ.

"ಗಂಡಂಗೊಂದು ಕಾಗ್ದ ಬರಿಯೋಕಾಗಲ್ಲ, ಇಂಜಿನ್ನಿಗೆ ಪೌಡರ್ ಹಚ್ತಾಳೆ ಮಹಾರಾಣಿ!" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ನೀನಿಲ್ಲದೆ ನನಗೆ ಬಹಳ ಬೇಸರ. ಗಾಡಿಯನ್ನೂ ಇಟ್ಟುಕೋ, ನನ್ನನ್ನೂ ಇಟ್ಟುಕೋ.

ನಿನ್ನವಳೇ ಆದ,
ಮಾರ್ಜರಿ

ಮರೆತ ಮಾತು: ಭಾನುವಾರ ಬೆಳಿಗ್ಗೆ. ಅಂಚೆಗೆ ಹಾಕಿದರೆ ನೀನು ಉತ್ತರ ಬರೆಯಲು ಇನ್ನಾರು ತಿಂಗಳು ತೆಗೆದುಕೊಳ್ಳುತ್ತೀಯ ಎಂದು ಕಾಗದವನ್ನು ನಾನೇ ಬ್ಯೂಡ್ಲಿಗೆ ತಂದಿದ್ದೇನೆ. ಚಳಿಗಾಲವಿಡೀ ಎನಿಡ್ ತನ್ನ ಪುಟ್ಟ ಗಾಡಿಯಲ್ಲಿ ನನಗೆ ಓಡಿಸಲು ಕಲಿಸಿದಳು, ಮಾರ್ಚ್‌ನಲ್ಲಿ ಲೈಸೆನ್ಸ್ ಸಿಕ್ಕಿತು. ಇದನ್ನು ನಿನ್ನ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ನಡುಗಿರುವುದು ಅದಕ್ಕೇ. ಈಗ ನಿಮ್ಮ ಬಾಗಿಲಡಿ ತೂರಿಸಿ ರಸ್ತೆಯಲ್ಲಿ ನಿಲ್ಲುತ್ತೇನೆ. ಇಂಜಿನ್ ಆರಿಸಿಲ್ಲ. ಆರಿಸಿದರೆ ಮತ್ತೆ ಒದ್ದು ಚಾಲೂ ಮಾಡುವ ಶಕ್ತಿ ನನ್ನ ಕಾಲಿಗಿಲ್ಲ. ಕೋಟು ಹಾಕಿಕೊಂಡು ಬೇಗ ಇಳಿದು ಬಾ.