ಅಳಿಯಂದಿರು ಎದುರಿಗಿದ್ದರೆ

ಮನೆ, ಊಟದ ಮೇಜಿನಿಂದ
ಶುಕ್ರವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಕಂದೀಲು,

ಐವತ್ತು ದಾಟಿದ ಭಾಮೈದನನ್ನು ಹೀಗೆ ಕರೆಯಬಾರದು, ಗೊತ್ತು. ಆದರೆ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದ ಕೂಸಿಗೆ ನಿನ್ನಕ್ಕ ಇಟ್ಟ ಹೆಸರು ಅದು. ಅವಳು ಹೋಗಿ ನಾಲ್ಕು ವರ್ಷವಾದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಹೇಗಿದ್ದೀಯ? ಭುಜದ ನೋವು ಇಳಿಯಿತೇ? ಲಿಫ್ಟಿನ ಗುಂಡಿಗೆ ಇಳಿಯುವ ಕೆಲಸವನ್ನು ಇನ್ನಾದರೂ ಚಿಕ್ಕ ವಯಸ್ಸಿನವರಿಗೆ ಬಿಡು. ನನಗೆ ಸೊಂಟವೊಂದು ಬಿಟ್ಟರೆ ಬೇರೆ ದೂರಿಲ್ಲ. ನಿಮ್ಮಮ್ಮ, ಅಂದರೆ ನಮ್ಮ ಅತ್ತೆ, ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಫೋನು ಮಾಡದೆ ಕಾಗದ ಬರೆಯುತ್ತಿರುವುದು ಅದಕ್ಕೇ. ಅವರ ಮಂಡಿ ಸೋತಿದೆ, ಕಿವಿ ಸೋತಿಲ್ಲ.

ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಎಸ್ಸೇ ಬರೆಸುವಾಗ ಹೇಳುತ್ತಿದ್ದರು: ಫಸ್ಟ್ ದಿ ಫ್ಯಾಕ್ಟ್ಸ್, ದೆನ್ ದಿ ಫೀಲಿಂಗ್ಸ್. ಉಲ್ಟಾ ಇತ್ತೋ ಏನೋ. ಇರಲಿ, ಫ್ಯಾಕ್ಟ್ಸ್ ಹೇಳುತ್ತೇನೆ. ಹೋದ ತಿಂಗಳು ಅವರು ಬಚ್ಚಲಲ್ಲಿ ಜಾರಿದ್ದು ನಿನಗೆ ಗೊತ್ತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ ಎಂಬುದು ನಿನಗೆ ಗೊತ್ತಿಲ್ಲ. ನಾನು ಹೊರಗೇ ನಿಂತಿದ್ದೆ. ಒಳಗಿನಿಂದ ಒಂದೇ ಮಾತು: "ಅಳಿಯಂದಿರು ಒಳಗೆ ಬರಬಾರದು." ಮಹಡಿಯ ಮೇಲಿನ ಟೈಲರಮ್ಮ ಅಂಗಡಿ ಮುಚ್ಚಿ ಬರುವವರೆಗೆ ಒದ್ದೆ ನೆಲದ ಮೇಲೆ ಕೂತೇ ಇದ್ದರು. ನಾನು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಪೇಪರು ಓದಿ ಹೇಳುತ್ತಿದ್ದೆ. ಇನ್ನೇನು ಮಾಡಲಿ, ನೀನೇ ಹೇಳು. ಅವರು ಒಲ್ಲೆ ಎನ್ನದ ಎರಡು ಕೈಗಳು ಬೇಕು, ದುಡ್ಡು ಕೊಟ್ಟಾದರೂ ಸರಿ ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಹಾಗಾಗಿ ಈ ವೃದ್ಧರ ಹೋಮು. ಹಳದಿ ಗೋಡೆ, ಉದ್ದನೆಯ ವರಾಂಡ, ಎಲ್ಲೆಡೆ ಫಿನೈಲಿನ ವಾಸನೆ. ಆದರೆ ಕೆಲಸದ ಹೆಂಗಸರು ನಗುನಗುತ್ತಾ ಇದ್ದಾರೆ. ವಾರ್ಡನ್ ನನಗೆ ಲೆಕ್ಕವನ್ನು ಎರಡೆರಡು ಸಲ ಬಿಡಿಸಿ ಹೇಳಿದ. ಮೂರು ಕ್ಯಾಟಗರಿ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು ಸೆಲ್ಫ್ ಕೇರ್, ಅವರಿಗೆ ಮೇಲಿನ ಅಂತಸ್ತು. ಕೋಣೆ, ಊಟ ಅಷ್ಟೇ. ಏಳಲು, ಮೀಯಲು ಕೈ ಬೇಕಾದವರು ಅಸಿಸ್ಟೆಡ್, ಅವರಿಗೆ ಕೆಳಗಿನ ಅಂತಸ್ತು, ಹಗಲೂ ರಾತ್ರಿಯೂ ಕರೆದರೆ ಬರುವ ಆಯಾ, ಬಾಡಿಗೆ ಒಂದೂವರೆ ಪಟ್ಟು. ಹಾಸಿಗೆ ಹಿಡಿದವರದು ಬೇರೆ, ಅದನ್ನು ಈಗ ಯೋಚಿಸುವುದು ಬೇಡ. ಔಷಧಿ, ಡೈಪರು ಎಕ್ಸ್‌ಟ್ರಾ. ಆಸ್ಪತ್ರೆ ಸೇರಿದರೂ ಮಂಚ ಕಾದಿರಿಸಲು ಅರ್ಧ ಬಾಡಿಗೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ನಾವೇ ಕೆದಕಿ ಕೇಳಬೇಕು. ನಾನು ಕೇಳಿದೆ. ಮೇಲಿನ ಅಂತಸ್ತಿಗೆ ಲಿಫ್ಟ್ ಇದೆಯೇ ಎಂದೂ ಕೇಳಿದೆ. ಇಲ್ಲವಂತೆ. ನನ್ನ ಭಾಮೈದ ಲಿಫ್ಟ್ ಮೆಕ್ಯಾನಿಕ್ ಎಂದರೆ, "ಇಲ್ಲದ್ದನ್ನ ರಿಪೇರಿ ಮಾಡ್ತಾರಾ ಸಾರ್?" ಅಂದ ಪುಣ್ಯಾತ್ಮ.

ಒಂದು ನಿಮಿಷ. ಎದ್ದು ಹೋಗಿ ನೋಡಿ ಬಂದೆ. ಮಲಗಿದ್ದಾರೆ. ಎಲ್ಲಿದ್ದೆ? ಹಾಂ, ಅಸೆಸ್‌ಮೆಂಟು. ಯಾರು ಯಾವ ಕ್ಯಾಟಗರಿ ಎಂದು ನರ್ಸಮ್ಮ ಪರೀಕ್ಷೆ ಮಾಡಿ ಬರೆಯಬೇಕು. ಮೊನ್ನೆ ಕರೆದುಕೊಂಡು ಹೋದೆ. ನಾನು ಎದುರಿಗೇ ಕೂತಿದ್ದೆ. ಕುರ್ಚಿಯಿಂದ ಏಳಿ ಅಂದರು; ಎದ್ದರು! ಕಿಟಕಿಯವರೆಗೆ ನಡೆಯಿರಿ ಅಂದರು; ಸೆರಗು ಹೊದ್ದು ರಾಣಿಯ ಹಾಗೆ ನಡೆದು ಬಂದರು. ಮೇಲಿಂದ, "ನಮ್ಮ ಅಳಿಯಂದಿರಿಗೆ ಒಂದು ಲೋಟ ನೀರು ಕೊಡಿ" ಎಂದು ನರ್ಸಮ್ಮನಿಗೇ ಹೇಳಿದರು. ನಾನು ಬಾಯಿ ಬಿಟ್ಟು, ಹೋದ ತಿಂಗಳು ಬಿದ್ದಿದ್ದಾರೆ, ರಾತ್ರಿ ಒಬ್ಬರೇ ಏಳಲಾರರು ಎಂದೆ. "ಯಾರು ಬಿದ್ದಿದ್ದು? ನಮ್ಮ ಅಳಿಯಂದಿರದು ಸ್ವಲ್ಪ ಗಾಬರಿ ಸ್ವಭಾವ ಕಣಮ್ಮ. ಮಗಳು ಹೋದಮೇಲೆ ಇನ್ನೂ ಜಾಸ್ತಿಯಾಗಿದೆ." ನರ್ಸಮ್ಮ ನನ್ನ ಕಡೆ ಕನಿಕರದಿಂದ ನೋಡಿ ಸೆಲ್ಫ್ ಕೇರ್ ಎಂದು ಬರೆದರು.

ವಾಪಸು ಬರುವಾಗ ಟ್ಯಾಕ್ಸಿಗೆ ಕಾಲು ಎತ್ತಿ ಇಡಲಾಗಲಿಲ್ಲ. ಡ್ರೈವರ್ ಎತ್ತಿ ಕೂರಿಸಿದ. ಅಷ್ಟು ಹೊತ್ತೂ ನನಗೆ, "ನೀವು ಆ ಕಡೆ ನೋಡ್ತಿರಿ." ನಾನು ಆ ಕಡೆಯೇ ನೋಡುತ್ತಿದ್ದೆ. ಅವರ ಮುಲುಕು ಕೇಳುತ್ತಿತ್ತು. ಇದಕ್ಕೊಂದು ಇಂಗ್ಲಿಷ್ ಪದವಿದೆ. ಪ್ರೆಸ್ಟೀಜ್ ಅಲ್ಲ, ಇನ್ನೊಂದು. ನಾಲಗೆಯ ತುದಿಯಲ್ಲಿದೆ, ಬರುತ್ತಿಲ್ಲ.

ಮಾರನೇ ದಿನ ಹೋಗಿ ವಾರ್ಡನ್ನನ್ನು ಗೋಗರೆದೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಇನ್ನೊಂದು ಸಲ ಅಸೆಸ್‌ಮೆಂಟ್ ಮಾಡಿಸುತ್ತೇನೆ ಎಂದಿದ್ದಾನೆ. ಕೆಳಗೆ ಖಾಲಿ ಇರುವುದು ಒಂದೇ ಮಂಚ, ಅದನ್ನು ಅಲ್ಲಿಯವರೆಗೆ ಮಾತ್ರ ಹಿಡಿದಿಡುತ್ತಾನೆ. ಅವತ್ತೂ ಸೆಲ್ಫ್ ಕೇರ್ ಎಂದೇ ಬಂದರೆ ಮೇಲಿನ ಅಂತಸ್ತು, ಆ ಮೆಟ್ಟಿಲು, ರಾತ್ರಿ ಕರೆದರೆ ಯಾರೂ ಇಲ್ಲದ ಬಚ್ಚಲು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ ಮಾರಾಯ.

ದುಡ್ಡಿನ ವಿಷಯ. ನೀನು ಫೋನಿನಲ್ಲಿ, "ಸುಮ್ನೆ ಹೆದರಿಸ್ಬೇಡಿ ಭಾವ, ಅಮ್ಮನ ದನಿ ನನಗಿಂತ ಗಟ್ಟಿಯಾಗಿದೆ. ಹೋಮಿನವರು ಯಾವ ಕ್ಯಾಟಗರಿ ಅಂತಾರೋ ಅದರಲ್ಲಿ ಅರ್ಧ ಕೊಡ್ತೀನಿ" ಎಂದೆ. ಸರಿಯಾದ ಮಾತೇ, ನನಗೆ ಬೇಸರವಿಲ್ಲ. ಮಾವನವರ ಪೆನ್ಷನ್ನು ಸೆಲ್ಫ್ ಕೇರಿಗೆ ಸಾಕು. ಅದರ ಮೇಲಿನದು ನಿನಗರ್ಧ, ನನಗರ್ಧ. ನನ್ನ ಪಾಲಿಗೆ ಮುಂದಿನ ಕೋಣೆಯನ್ನು ಟೈಲರಮ್ಮನ ಮೆಷಿನ್ನುಗಳಿಗೆ ಬಾಡಿಗೆಗೆ ಕೊಟ್ಟಾಯಿತು. ಸದ್ದಿರುತ್ತದೆ, ಆದರೆ ಒಬ್ಬನೇ ಇರುವ ಮನೆಗೆ ಸದ್ದು ಒಳ್ಳೆಯದೇ.

ಹಿರಿಯನಾಗಿ ಹರಸಲು ನನಗೆ ಬರುವುದು ಇಷ್ಟೇ: ನಿನ್ನ ಭುಜ ಬೇಗ ನೆಟ್ಟಗಾಗಲಿ, ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡಲಿ. ನಿನ್ನ ಮನೆಯವಳಿಗೆ ನನ್ನ ನೆನಪು ಹೇಳು.

ಇಂತಿ, ಗಾಬರಿ ಸ್ವಭಾವದ
ನಿನ್ನ ಭಾವ

ತಾ.ಕ.: ಅತ್ತೆ ಎದ್ದರು, ಬೇಗ ಮುಗಿಸುತ್ತೇನೆ. ಈ ಕಾಗದ ಸೋಮವಾರ ನಿನ್ನ ಕೈ ಸೇರುತ್ತದೆ. ಮಂಗಳವಾರ ರಾತ್ರಿಯ ರೈಲು ಹತ್ತು. ದುಡ್ಡು ಆಮೇಲೆ ಕಳಿಸಿದರೂ ನಡೆದೀತು, ನೀನು ಬಾ. ಹೋದ ಸಲ ಬಂದಾಗ ನೆನಪಿದೆಯೇ, "ಏನೋ ನೋಡ್ತಾ ನಿಂತಿದ್ದೀಯ, ಕೈ ಕೊಡೋ" ಎಂದು ಇಡೀ ಮನೆಯಲ್ಲಿ ನಿನ್ನ ತೋಳಿಗೆ ಜೋತುಬಿದ್ದೇ ಓಡಾಡಿದರು. ಮಗ ಬಂದ ಅಂತ ಅಮ್ಮ ನಾಟಕ ಮಾಡ್ತಾಳೆ ಎಂದು ನೀನು ನಕ್ಕೆ. ನಾಟಕ ಮಾಡುವುದು ನನ್ನೆದುರು ಕಣೋ. ಬುಧವಾರ ಅವರ ಪಕ್ಕದಲ್ಲಿ ನೀನು ಕೂರು. ನಾನು ಗೇಟಿನ ಹೊರಗೆ, ಆ ಕಿಟಕಿಗೆ ಕಾಣದ ಹಾಗೆ ನಿಂತಿರುತ್ತೇನೆ. ಎಲ್ಲಿ ಅಳಿಯಂದಿರು ಎಂದು ಕೇಳಿದರೆ, ಬಂದಿಲ್ಲ ಅನ್ನು.