ದೊಡ್ಡ ನದಿ ಕ್ಷೇಮ, ನಮ್ಮ ಬೀದಿ ಮುಳುಗಡೆ

ನಗರಸಭೆಯ ಮಾನ್ಯ ವಿಪತ್ತು ನಿರ್ವಹಣಾಧಿಕಾರಿಗಳೇ,

ಕಳೆದ ಜುಲೈ ಮಳೆಯಲ್ಲಿ ನಿಮ್ಮ ಹೆಸರು ಹೇಳಿ ಇಡೀ ಬೀದಿಯನ್ನು ಖಾಲಿ ಮಾಡಿಸಿದವಳು ನಾನೇ. ಆ ಅಪರಾಧಿ ಯಾರೆಂದು ನಿಮ್ಮ ಕಚೇರಿ ವಿಚಾರಿಸುತ್ತಿದೆಯಂತೆ. ಇನ್ನು ಹುಡುಕುವ ಶ್ರಮ ಬೇಡ. ನೀವು ಮಾಡಬೇಕಾದ ಕೆಲಸವನ್ನು ಉಡೋನ್ ನೂಡಲ್ಸ್ ಅಂಗಡಿಯವಳು ಯಾಕೆ ಮಾಡಬೇಕಾಯಿತು ಎಂಬುದನ್ನೂ ವಿಚಾರಣೆಯಲ್ಲಿ ಸೇರಿಸಿಕೊಂಡರೆ ಸಾಕು.

ನಮ್ಮ ಬೀದಿಯ ಬೆನ್ನಿಗೆ ಹರಿಯುವುದು ಕೊಜಿಕಾ ಹೊಳೆ. ಚಳಿಗಾಲದಲ್ಲಿ ಬೆಕ್ಕು ಕೂಡ ಕಾಲು ನೆನೆಸದೆ ದಾಟುತ್ತದೆ. ನೀರಿನ ಮಟ್ಟ ಅಳೆಯುವ ಯಂತ್ರಗಳೆಲ್ಲ ಊರಾಚೆಯ ದೊಡ್ಡ ನದಿಗೆ ಮೀಸಲು. ನಿಮ್ಮ ಪ್ರವಾಹ ನಕ್ಷೆಯಲ್ಲಿ ಅದರ ದಡಕ್ಕೆಲ್ಲ ಅಪಾಯದ ನೀಲಿ ಬಣ್ಣ, ನಮಗೆ ಅಚ್ಚ ಬಿಳಿ. "ಸಣ್ಣ ಹೊಳೆಗಳ ಸಮೀಕ್ಷೆ ಇನ್ನೂ ಆಗಿಲ್ಲ" ಎಂದು ನಿಮ್ಮವರು ವಿವರಿಸಿದ್ದರು. ಅಲ್ಲಿಯವರೆಗೆ ಉಕ್ಕಬಾರದೆಂದು ಹೊಳೆಗೊಂದು ನೋಟಿಸನ್ನಾದರೂ ಕೊಟ್ಟಿದ್ದಿರಾ?

ಆ ಮಧ್ಯಾಹ್ನ ಕಂಬದ ಮೇಲಿನ ನಿಮ್ಮ ಧ್ವನಿವರ್ಧಕ "ದೊಡ್ಡ ನದಿಯ ಮಟ್ಟ ಸುರಕ್ಷಿತ" ಎಂದು ಇಂಪಾಗಿ ಹೇಳುತ್ತಿರುವಾಗಲೇ ಕೊಜಿಕಾ ನನ್ನ ಹಿಂಬಾಗಿಲಿನಿಂದ ಬಂದು ಒಲೆ ಆರಿಸಿತು. ನಾನು ಎದುರುಮನೆಗೆ ಓಡಿದೆ. ಅಲ್ಲಿರುವವರು ಕುವಾನೊ ಗೆಂಜೊ, ನಿವೃತ್ತ ಸ್ಟೇಷನ್ ಮಾಸ್ಟರ್. ಘೋಷಣೆಯಾಗದ ರೈಲು ಕಣ್ಣೆದುರೇ ನಿಂತರೂ ಹತ್ತದ ಮನುಷ್ಯ. ಹೆಂಡತಿ ಯಾಸುಯೊ ಗಂಡನ ತೋಳು ಹಿಡಿದು ಜಗ್ಗುತ್ತಿದ್ದರು.

"ರೀ, ಏಳ್ರೀ! ನೀರು ಮೊಣಕಾಲಿಗೆ ಬಂತು."

"ಅನೌನ್ಸ್ ಆಗ್ಲಿ, ಏಳ್ತೀನಿ."

"ಚಾಪೆ ತೇಲ್ತಿದೆ, ಕಾಣಲ್ವಾ? ಅದೇ ಬಂದು ಅನೌನ್ಸ್ ಮಾಡ್ಬೇಕಾ ನಿಮ್ಗೆ?"

"ಚಾಪೆಗೆ ಆ ಅಧಿಕಾರ ಇಲ್ಲ ಕಣೆ."

ಯಾಸುಯೊ ನನ್ನತ್ತ ತಿರುಗಿದರು. "ಇವರನ್ನ ಬಿಟ್ಟು ನಾನು ಬರಲ್ಲಮ್ಮ ಹಿಸಾನೊ. ಏನಾದ್ರೂ ಮಾಡು."

ಬೀದಿಯ ಕ್ರೀಡಾಕೂಟಕ್ಕೆಂದು ಕೊಂಡ ಮೆಗಾಫೋನ್ ನನ್ನ ಅಂಗಡಿಯ ಮಹಡಿಯಲ್ಲಿತ್ತು. ಕಿಟಕಿ ತೆರೆದು, ನಿಮ್ಮ ಕಚೇರಿಯ ಜೇನುದನಿಯನ್ನೇ ಅನುಕರಿಸಿದೆ: "ಇದು ನಗರಸಭೆಯ ಪ್ರಕಟಣೆ. ಕೊಜಿಕಾ ಹೊಳೆ ದಡದ ನಿವಾಸಿಗಳು ತಕ್ಷಣ ದೇವಸ್ಥಾನದ ಗುಡ್ಡಕ್ಕೆ ತೆರಳಬೇಕು." ನೀವು ಗೊತ್ತುಮಾಡಿದ ಆಶ್ರಯ ಆಚೆ ದಡದ ಶಾಲೆ ಎಂಬುದು ನನಗೂ ಗೊತ್ತು. ಆದರೆ ಅಲ್ಲಿಗೆ ದಾಟಿಸುವ ಸೇತುವೆಯ ಮೇಲೆಯೇ ನೀರು ಹರಿಯುತ್ತಿತ್ತು. ತಮ್ಮ ಆದೇಶವನ್ನು ನಾನೇ ತಿದ್ದಿದೆ, ಕ್ಷಮೆಯಿರಲಿ.

ಗೆಂಜೊ ತಟ್ಟನೆ ಎದ್ದರು. ಹಳೆಯ ಟೋಪಿ ಹಾಕಿಕೊಂಡು ಬೀದಿಗಿಳಿದು, "ತಳ್ಳಬೇಡಿ, ಸಾಲಾಗಿ ಬನ್ನಿ" ಎಂದು ಎಲ್ಲರನ್ನೂ ಗುಡ್ಡ ಹತ್ತಿಸಿದರು. ನಾವು ಮೇಲಿನಿಂದ ನೋಡುತ್ತಿರುವಂತೆಯೇ ಅವರ ಮನೆಯ ಹಿಂಗೋಡೆ ಕುಸಿದು, ನೀರು ಒಳಕೋಣೆಯ ಸೂರಿನವರೆಗೆ ನುಗ್ಗಿತು. ಯಾಸುಯೊ ಗಂಡನ ತೋಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದರು.

ಗೆಂಜೊ ಟೋಪಿ ಸರಿಮಾಡಿಕೊಂಡು ಅಂದರು: "ಆ ಅನೌನ್ಸ್ ಮಾಡಿದ್ದು ಯಾರೋ, ಕೆಲಸ ಗೊತ್ತಿರೋ ಹೆಣ್ಮಗಳು. ನಗರಸಭೆಗೆ ಕೊನೆಗೂ ಬುದ್ಧಿ ಬಂತು."

ಈ ಹೊಗಳಿಕೆ ನಿಮ್ಮ ಹೆಸರಿಗೆ ಸಂದಿದೆ. ಇನ್ನು ಅದಕ್ಕೆ ಯೋಗ್ಯರಾಗಿ. ಬರುವ ಮಳೆಗಾಲದೊಳಗೆ ಕೊಜಿಕಾಗೆ ಒಂದು ಮಟ್ಟಮಾಪಕ, ಒಂದು ಸೈರನ್, ನಮ್ಮ ದಡದಲ್ಲೇ ಒಂದು ಆಶ್ರಯ ಬೇಕು. ಗೆಂಜೊ ದಿನವೂ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುತ್ತಾರೆ. ಅದರಲ್ಲಿ ಅಚ್ಚಾದ ಈ ಪತ್ರ ಓದಿದ ಮೇಲೆ, ನಿಜವಾದ ಪ್ರಕಟಣೆ ಯಾಕೆ ಬರಲಿಲ್ಲವೆಂದು ಕೇಳಲು ಅವರು ನೇರವಾಗಿ ನಿಮ್ಮ ಕಚೇರಿಗೇ ಬರುತ್ತಾರೆ. ದಯವಿಟ್ಟು ಸೀಟಿನಲ್ಲಿರಿ.

ಇಂತಿ,
ಒಂದು ಮಧ್ಯಾಹ್ನದ ಮಟ್ಟಿಗೆ ನೀವಾಗಿದ್ದು, ಈಗ ಅಂಗಡಿಯ ಕೆಸರು ತೊಳೆಯುತ್ತಿರುವ
ಒಗಾತಾ ಹಿಸಾನೊ