ಗುಹೆಯ ಮೀನಿಗೆ ಕಣ್ಣು ಹೋದದ್ದು ಹೇಗೆ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ಏಳನೇ ತರಗತಿಯ ವಿಜ್ಞಾನದ ಪುಸ್ತಕ. ಅಚ್ಚಿಗೆ ಮುಂಚೆ ತಪ್ಪು ತಿದ್ದುವ ಎರಡನೇ ಪ್ರೂಫ್. ಟೇಬಲ್ ಲ್ಯಾಂಪನ್ನು ಇನ್ನೂ ಹತ್ತಿರ ಎಳೆದುಕೊಂಡೆ. ಭೂತಗನ್ನಡಿ ಹಿಡಿದರೆ ಸಾಲಿನ ಮೊದಲು ಸಿಗುತ್ತದೆ, ಕೊನೆ ಸಿಗುವುದಿಲ್ಲ. ಕೊನೆ ಹುಡುಕುವಷ್ಟರಲ್ಲಿ ಮೊದಲು ಕಳೆದುಹೋಗಿರುತ್ತದೆ. ಪ್ರೆಸ್ಸಿನ ಯಜಮಾನರು ಎರಡು ಸಲ ಹಾದುಹೋದರು.

ಒಂದು ವಾಕ್ಯದಲ್ಲಿ ಸಿಕ್ಕಿಕೊಂಡೆ. “ಕತ್ತಲಲ್ಲಿ ಕಣ್ಣನ್ನು ಬಳಸದೇ ಇದ್ದುದರಿಂದ ಗುಹೆಯ ಮೀನುಗಳು ಕಾಲಕ್ರಮೇಣ ಕಣ್ಣು ಕಳೆದುಕೊಂಡವು.” ಕಾಗುಣಿತ ಸರಿ. ವಿರಾಮಚಿಹ್ನೆ ಸರಿ. ಆದರೂ ಪೆನ್ಸಿಲ್ ಮುಂದೆ ಹೋಗಲಿಲ್ಲ. ಬಳಸದಿದ್ದರೆ ಹೋಗುವುದಾದರೆ, ದಿನವಿಡೀ ದುಡಿಸಿಕೊಂಡ ನನ್ನದು ಯಾಕೆ ಹೋಗುತ್ತಿದೆ?

ಕಣ್ಣಿನ ಡಾಕ್ಟರು ಹೇಳಿ ತಿಂಗಳಾಯಿತು. ನೋಟ ಅಂಚಿನಿಂದ ಮುಚ್ಚಿಕೊಂಡು ಬರುತ್ತದೆ, ನಡುವೆ ಒಂದು ಸಣ್ಣ ವೃತ್ತ ಉಳಿಯುತ್ತದೆ. ಔಷಧಿ ಇಲ್ಲ. ಎಷ್ಟು ಬೇಗ ಅಂತ ಹೇಳಲಾಗದು. ಮನೆಯಲ್ಲಿ ಇವರಿಗೆ ಗೊತ್ತು — ಅವತ್ತು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಪ್ರೆಸ್ಸಿನಲ್ಲಿ ಯಾರಿಗೂ ಹೇಳಿಲ್ಲ.

ಊಟದ ಹೊತ್ತಿಗೆ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು, ಏನು ಬೇಕಾದರೂ ಕೇಳಬಹುದಾದ ಆ ಆನ್‌ಲೈನ್ ಗುಂಪಿನಲ್ಲಿ ಪ್ರಶ್ನೆ ಹಾಕಿದೆ. ಮೀನಿನದ್ದು ಮಾತ್ರ. ನನ್ನದಲ್ಲ.

ಮಾರ್ಚ್ 5

ಹನ್ನೊಂದು ಉತ್ತರ. ಒಬ್ಬ — “ಇಷ್ಟೂ ಗೊತ್ತಿಲ್ವಾ?” ಇನ್ನೊಬ್ಬ — ಎಲ್ಲಾ ಮೇಲಿನವನ ಇಚ್ಛೆ. ಮತ್ತೊಬ್ಬ ಮೀನು ಹುರಿಯುವ ಚಿತ್ರ ಹಾಕಿದ್ದಾನೆ.

ಒಂದು ಮಾತ್ರ ನೆಟ್ಟಗಿದೆ. ಬರೆದವರ ಹೆಸರು ‘ಬಸವನಹುಳು’. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವರಂತೆ. ಬಳಸದೇ ಇದ್ದದ್ದಕ್ಕೆ ಕಣ್ಣು ಹೋಗಲಿಲ್ಲ, ಎಂದಿದ್ದಾರೆ. ಮರಿಗಳಲ್ಲಿ ಯಾವಾಗಲೂ ಕೆಲವು ಮಂದಗಣ್ಣಿನವು ಹುಟ್ಟುತ್ತವೆ. ಬೆಳಕಿನ ಹೊಳೆಯಲ್ಲಾದರೆ ಅವು ಬೇಗ ಸಾಯುತ್ತವೆ. ಕತ್ತಲಲ್ಲಿ ಅವಕ್ಕೆ ನಷ್ಟವಿಲ್ಲ. ಕಣ್ಣು ಸಾಕುವುದಕ್ಕೆ ಬಹಳ ಆಹಾರ ಬೇಕು. ಇಲ್ಲದವಕ್ಕೆ ಅಷ್ಟು ಉಳಿತಾಯ. ಎಷ್ಟೋ ತಲೆಮಾರು ಹೀಗೆ ಸಾಗಿ ಕಣ್ಣಿಲ್ಲದವೇ ಉಳಿದವು. ನೀರಿನ ಅಲುಗಾಟ ತಿಳಿಯುವ ಶಕ್ತಿ, ರುಚಿ ತಿಳಿಯುವ ಶಕ್ತಿ ಚುರುಕಾದವು. ಕೊನೆಗೊಂದು ಮಾತು: ಇವತ್ತಿಗೂ ಆ ಮೀನಿನ ಮೊಟ್ಟೆಯೊಳಗೆ ಕಣ್ಣು ಮೊಳೆಯುತ್ತದೆ. ಆಮೇಲೆ ಕರಗಿಹೋಗುತ್ತದೆ.

ಕೇಳಿದೆ — ಕರಗುವಾಗ ನೋಯುತ್ತದೆಯೇ?

ಸಂಜೆ ಉತ್ತರ ಬಂತು. “ಗೊತ್ತಿಲ್ಲ.” ಅಷ್ಟೇ. ಆ ಮನುಷ್ಯನ ಮೇಲೆ ನಂಬಿಕೆ ಬಂತು.

ಮಾರ್ಚ್ 11

ಪ್ರೂಫಿನ ಅಂಚಿನಲ್ಲಿ ಲೇಖಕರಿಗೆ ಚೀಟಿ ಅಂಟಿಸಿದ್ದೆ. ಯಜಮಾನರು ಕರೆದರು.

“ಕಾಗುಣಿತ ನೋಡೋಕೆ ಕೂರಿಸಿದ್ರೆ ಮೀನಿನ ಯೋಗಕ್ಷೇಮ ವಿಚಾರಿಸ್ತಿದ್ದೀರಲ್ಲಮ್ಮ.”

“ತಪ್ಪು ಅನ್ನಿಸ್ತು ಸರ್.”

“ಲೇಖಕರೂ ಹೌದು ಅಂದ್ರು. ತಿದ್ದಿ ಕಳ್ಸಿದಾರೆ. ಮುಂದಿನ ಪುಸ್ತಕದಲ್ಲಿ ಪ್ರಾಣಿಗಳಿಲ್ಲ, ಬರೀ ಲೆಕ್ಕ. ನೆಮ್ಮದಿಯಾಗಿರಿ.”

ನಕ್ಕೆ. ಹೊರಬರುವಾಗ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಕೆಮ್ಮಿದಂತೆ ಮಾಡಿದೆ.

ಮಾರ್ಚ್ 20

ಬರೆಯಲು ಮನಸ್ಸಿರಲಿಲ್ಲ.

ಸೋಮವಾರ ಕಾಗದದ ರಿಮ್ಮುಗಳ ತಳ್ಳುಗಾಡಿ ದಾರಿಯಲ್ಲೇ ನಿಂತಿತ್ತು. ಎಲ್ಲರಿಗೂ ಕಾಣಿಸಿತು. ನನಗೆ ಕಾಣಿಸಲಿಲ್ಲ. ಹಣೆಗೆ ಹೊಲಿಗೆ. ಎಲ್ಲರ ಎದುರಿಗೇ ಎಲ್ಲ ಹೇಳಬೇಕಾಯಿತು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಹುಡುಗಿ ಅತ್ತಳು. ಯಜಮಾನರು, “ಒಂದು ತಿಂಗಳು ವಿಶ್ರಾಂತಿ ತಗೊಳ್ಳಿ. ಆಮೇಲೆ ನೋಡೋಣ,” ಎಂದರು. ‘ಆಮೇಲೆ ನೋಡೋಣ’ ಅನ್ನುವುದರ ಅರ್ಥ ಯಾರಿಗೆ ಗೊತ್ತಿಲ್ಲ?

ಇವರು ಮೂರು ದಿನ ರಜೆ ಹಾಕಿದ್ದಾರೆ. ಲಿಫ್ಟ್ ರಿಪೇರಿಯವರಿಗೆ ರಜೆ ಸಿಗುವುದೇ ಕಷ್ಟ. ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿದರು. ಬಚ್ಚಲಿಗೆ ಹೋದರೂ ಅರ್ಧ ಹೆಜ್ಜೆ ಮುಂದೆ. “ಮೆಟ್ಲು. ಇನ್ನೊಂದು. ಆಯ್ತು.” ಒಳ್ಳೆಯ ಮನುಷ್ಯ. ಉಸಿರು ಕಟ್ಟುತ್ತಿದೆ.

ಮಾರ್ಚ್ 28

ಮನೆಯಲ್ಲಿ ಕೈಕಟ್ಟಿ ಕೂತರೆ ಕೆಲಸ ಹೋದಂತೆಯೇ. ಗುಂಪಿನಲ್ಲಿ ಎರಡನೇ ಪ್ರಶ್ನೆ ಹಾಕಿದೆ. ಈ ಸಲ ನನ್ನದೇ. ‘ಕಣ್ಣು ಹೋಗುತ್ತಿದೆ. ಪ್ರೂಫ್ ನೋಡುವ ಕೆಲಸ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಂಡೆ. ಬೇರೆಲ್ಲ ಓದುತ್ತದೆ. ಪ್ರೆಸ್ಸಿನ ಕಡತ ತೆರೆದರೆ ಮಾತ್ರ “ಜಿ, ಎಕ್ಸ್, ಡಾಲರ್, ಕ್ಯೂ” ಅನ್ನುತ್ತದೆ. ಯಾಕೆ?’

ಅಯ್ಯೋ ಪಾಪ ಎಂದವರೇ ಹೆಚ್ಚು. ಉತ್ತರ ಕೊಟ್ಟವರು ‘ಕೀಲಿಮಣೆ ಅಜ್ಜ’. ಅವರಿಗೆ ಕಣ್ಣು ಹೋಗಿ ಇಪ್ಪತ್ತು ವರ್ಷವಂತೆ. ನಿಮ್ಮ ಪ್ರೆಸ್ಸಿನವರು ಹಳೇ ಫಾಂಟಿಗೇ ಜೋತುಬಿದ್ದಿದ್ದಾರೆ. ಅದು ಕಣ್ಣಿಗೆ ನಮ್ಮ ಅಕ್ಷರ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರ. ಎಲ್ಲ ಯಂತ್ರಕ್ಕೂ ತಿಳಿಯುವ ಯುನಿಕೋಡಿಗೆ ಬದಲಾಯಿಸಿದರೆ ಓದುತ್ತದೆ. ಬದಲಾಯಿಸುವ ಸಾಧನ ಕಳಿಸುತ್ತೇನೆ, ಎಂದರು. ಅದರ ಕೆಳಗೆ: “ಮೌಸನ್ನು ತೆಗೆದು ಕಪಾಟಿಗೆ ಹಾಕಿ. ಇವತ್ತೇ.”

ಏಪ್ರಿಲ್ 3

ಮೌಸ್ ಹಿಟ್ಟಿನ ಡಬ್ಬದ ಹಿಂದೆ. ಇವರು ಬೆಳಿಗ್ಗೆಯೆಲ್ಲ ಹುಡುಕಿದರು. ಹೇಳಲಿಲ್ಲ.

ಬರೀ ಕೀಲಿಗಳು. ಮೊದಲ ದಿನ ಒಂದು ಕಡತ ತೆರೆಯಲು ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಹಿಡಿಯಿತು. ನಿನ್ನೆ ಟೀ ಆರುವುದರೊಳಗೆ. ಬದಲಾಯಿಸಿದ ಕಡತದಲ್ಲಿ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಶ, ಷ ಕಿವಿಗೆ ಒಂದೇ. ಅಜ್ಜನನ್ನು ಕೇಳಿದೆ. “ಅನುಮಾನ ಬಂದ ಪದವನ್ನು ಅಕ್ಷರ ಬಿಡಿಸಿ ಓದಿಸಿ. ಎಲ್ಲದಕ್ಕೂ ಅನುಮಾನ ಪಡಬೇಡಿ, ಹುಚ್ಚು ಹಿಡಿಯುತ್ತೆ.”

ಅಳು ಬಂತು ಒಂದು ಸಲ. ಅತ್ತೆ. ಆಮೇಲೆ ಮುಂದಿನ ಪುಟ.

ಏಪ್ರಿಲ್ 9

ಬಸವನಹುಳು ಇನ್ನೂ ಒಂದು ವಿಷಯ ಹೇಳಿದ್ದರು. ಆ ಮೀನುಗಳಿರುವ ಗುಹೆಗಳಲ್ಲಿ ಒಂದಕ್ಕೆ ಜನರನ್ನು ಬಿಡುತ್ತಾರಂತೆ. ಎರಡು ರೈಲು, ಆಮೇಲೆ ಜೀಪು. ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಊಟಕ್ಕೆ ಕೂತಾಗ ಇವರಿಗೆ ಹೇಳಿಯೇಬಿಟ್ಟೆ.

“ಮೀನು ನೋಡೋಕೆ ಅಷ್ಟು ದೂರನಾ?”

“ಕಾಣೋವಾಗ್ಲೇ ನೋಡ್ಬೇಕು ರೀ.”

“ಸರಿ. ರಜೆ ಕೇಳ್ತೀನಿ. ಇಬ್ರೂ ಹೋಗೋಣ.”

“ಬೇಡ. ಒಬ್ಳೇ ಹೋಗ್ತೀನಿ.”

ತಟ್ಟೆಯ ಮೇಲೆ ಕೈ ನಿಂತಿತು. ಆ ಕೈ ಮಾತ್ರ ನನಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

“ನಮ್ಮನೆ ಮೆಟ್ಲೇ ಇಳಿಯೋಕಾಗಲ್ಲ ನಿಂಗೆ.”

“ನೀವು ಇಳಿಸ್ತೀರಿ. ಅದಕ್ಕೇ ಆಗಲ್ಲ.”

ತಟ್ಟೆ ಎತ್ತಿಕೊಂಡು ಎದ್ದರು. ಅನ್ನಬಾರದಿತ್ತೇನೋ. ಆದರೆ ಸುಳ್ಳಲ್ಲ.

ಏಪ್ರಿಲ್ 11

ಮೂರನೇ ಪ್ರಶ್ನೆ. ದಾರಿಯದ್ದು. ‘ಒಬ್ಬಳೇ ಹೆಂಗಸು ಹೋಗಬಾರದು’ — ನಲವತ್ತು ಜನ. ‘ಗಂಡ ಇಲ್ಲವೇ?’ — ಒಬ್ಬ. ಇದ್ದಾರಪ್ಪ, ಪಕ್ಕದ ಕೋಣೆಯಲ್ಲಿ ಮಾತು ಬಿಟ್ಟು ಕೂತಿದ್ದಾರೆ.

‘ಮೂರನೇ ಪ್ಲಾಟ್‌ಫಾರಂ’ ಎನ್ನುವವರು ಬೇರೆಯ ಥರ. ನಿವೃತ್ತ ಟಿಕೆಟ್ ಕಲೆಕ್ಟರ್. ಯಾವ ಡಬ್ಬಿ ಮೆಟ್ಟಿಲ ಹತ್ತಿರ ನಿಲ್ಲುತ್ತದೆ, ಜಂಕ್ಷನ್ನಿನಲ್ಲಿ ಮೇಲ್ಸೇತುವೆ ಎಡಕ್ಕಿದೆ, ದಾರಿ ಕೇಳುವುದಾದರೆ ಪ್ರಯಾಣಿಕರನ್ನಲ್ಲ, ಕೂಲಿಯವರನ್ನು ಕೇಳಿ — ಎಲ್ಲ ಬರೆದಿದ್ದಾರೆ. ಕೊನೆಗೆ: “ಬಿಳಿ ಕೋಲು ಇದೆಯಾ? ಚೀಲದಲ್ಲಿ ಇಡಬೇಡಿ. ಕೈಯಲ್ಲಿ ಹಿಡೀರಿ.”

ಇದೆ. ಡಾಕ್ಟರು ಕೊಟ್ಟದ್ದು, ಬೀರುವಿನ ಮೇಲೆ. ಇಳಿಸಿದೆ. ಸಂಜೆ ಬೀದಿಯ ಆ ಕೊನೆಯವರೆಗೆ ಹೋಗಿ ಬಂದೆ. ಇಸ್ತ್ರಿಯವನು ಮಾತು ನಿಲ್ಲಿಸಿದ್ದು ಕೇಳಿಸಿತು. ನಿಲ್ಲಿಸಲಿ. ನಾಳೆ ಮತ್ತೆ ಹೋಗುತ್ತೇನೆ.

ಏಪ್ರಿಲ್ 24, ಬೆಳಿಗ್ಗೆ ಹತ್ತೂವರೆ. ಜಂಕ್ಷನ್

ಫೋನಿನಲ್ಲೇ ಬರೆಯುತ್ತಿದ್ದೇನೆ.

ಇವರು ಸ್ಟೇಷನ್ನಿಗೆ ಬಿಟ್ಟರು. ರೈಲು ಹೊರಡುವಾಗ ಕಿಟಕಿಯೊಳಗೆ ಕೈ ಹಾಕಿ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದರು. ಅಷ್ಟೇ.

ಇಲ್ಲಿ ಮೇಲ್ಸೇತುವೆ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಕೆಡವಿ ಹೊಸದು ಕಟ್ಟುತ್ತಿದ್ದಾರೆ. ತಗಡಿನ ಗೋಡೆ, ಡ್ರಿಲ್ಲಿನ ಸದ್ದು. ಕೂಲಿಯವರೂ ಹತ್ತಿರದಲ್ಲಿಲ್ಲ. ಎಲ್ಲರೂ ಎರಡೂ ಪಕ್ಕದಿಂದ ಹರಿದುಹೋಗುತ್ತಿದ್ದರು — ನನ್ನ ಸಣ್ಣ ವೃತ್ತದಲ್ಲಿ ಒಂದು ಚೀಲ, ಒಂದು ಮೊಣಕೈ, ಮತ್ತೊಂದು ಚೀಲ.

ನಿಂತಲ್ಲೇ ನಿಂತು ಕೂಗಿದೆ. “ನನಗೆ ಸರಿಯಾಗಿ ಕಾಣಲ್ಲ. ಬೆಟ್ಟದ ರೈಲಿಗೆ ಹೋಗ್ಬೇಕು. ಯಾರಾದ್ರೂ ದಾರಿ ತೋರಿಸಿ.”

ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. ಕಸ ಗುಡಿಸುತ್ತಿದ್ದ ಹೆಂಗಸು ಬಂದಳು. ತೋಳು ಹಿಡಿಯಲು ಹೋದಳು.

“ನಾನೇ ನಿಮ್ಮ ಭುಜ ಹಿಡ್ಕೊಂತೀನಿ. ನೀವು ನಡೀರಿ.”

“ಹಿಡ್ಕೊಳಿ. ಪೊರಕೆ ತಗುಲತ್ತೆ, ನೋಡ್ಕಂಡು ಬನ್ನಿ,” ಎಂದು ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ನಗುತ್ತಲೇ ನೆಲದಡಿಯ ದಾರಿ ದಾಟಿದೆವು.

ಏಪ್ರಿಲ್ 25

ಗುಹೆಯ ಗೈಡ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಕಾಲು ಚೆನ್ನಾಗಿ ತೊಳ್ಕೊಳಿ ಅಕ್ಕಾ. ಸೋಪಿನ ವಾಸನೆ ಇರ್ಬಾರ್ದು.” ಅವಳ ಭುಜ ಹಿಡಿದು ಇಳಿದೆ. ಬಗ್ಗಿ, ಕೆಲವು ಕಡೆ ಕೂತು ಜಾರಿ. ನೀರು ಮೊಣಕಾಲಿನವರೆಗೆ, ಮೂಳೆಗೆ ಚುಚ್ಚುವಷ್ಟು ತಣ್ಣಗೆ.

ದೊಡ್ಡ ಲೈಟು ಹಾಕಿದಳು. ಅವಕ್ಕೆ ಬೆಳಕಿನ ಗೊಡವೆಯಿಲ್ಲ. “ಅಲ್ನೋಡಿ. ಇಲ್ಲೊಂದು. ಅಯ್ಯೋ ಹೋಯ್ತು.” ನಾನು ತಿರುಗುವಷ್ಟರಲ್ಲಿ ಬರೀ ಕಲ್ಲು, ಬರೀ ನೀರು. ಹತ್ತು ಸಲ ಹೀಗೇ. ಎರಡು ರೈಲು ಹತ್ತಿ ಬಂದು ನೀರು ನೋಡಿ ಹೋಗುವುದೇ? ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ.

“ಅವನ್ನ ಹುಡುಕ್ಬೇಡಿ ಅಕ್ಕಾ. ಅಲ್ಲಾಡ್ದೆ ನಿಂತ್ಕೊಳಿ. ಅವೇ ಬರ್ತವೆ.”

ನಿಂತೆ. ಪಾದ ಮರಗಟ್ಟಿತು. ಮೀನಖಂಡಕ್ಕೆ ಏನೋ ತಾಕಿತು, ಒದ್ದೆ ದಾರದಂತೆ. ಮತ್ತೆ ಇನ್ನೊಂದು ಕಾಲಿಗೆ. ಇದೇನು ಹೊಸ ಕಲ್ಲು ಎಂದು ವಿಚಾರಿಸಲು ಬಂದಂತೆ. ನೇರ ಕೆಳಗೆ ಬಗ್ಗಿದೆ. ಬೆರಳುದ್ದ. ತಿಳಿಗುಲಾಬಿ, ಬಿಳಿಗೆ ಹತ್ತಿರ. ನನ್ನ ವೃತ್ತದ ನಟ್ಟನಡುವೆ ನಿಂತಿತು.

ಕಣ್ಣಿರಬೇಕಾದ ಜಾಗ ನೋಡಿದೆ. ಹಳ್ಳ ಇರುತ್ತದೆ, ಗಾಯದ ಕಲೆಯಂಥದ್ದು ಇರುತ್ತದೆ ಅಂದುಕೊಂಡಿದ್ದೆ. ಏನೂ ಇಲ್ಲ. ನಯವಾದ ಚರ್ಮ. ಅಲ್ಲಿಂದ ಏನೋ ಹೋಗಿದೆ ಅನ್ನುವ ಗುರುತೇ ಇಲ್ಲ.

ಆಗ ಹೊಳೆಯಿತು — ಈ ಮೀನು ಏನನ್ನೂ ಕಳೆದುಕೊಂಡಿಲ್ಲ. ಇದರ ತಾಯಿಯೂ ಹೀಗೇ, ಅಜ್ಜಿಯೂ ಹೀಗೇ. ಕಳೆದುಕೊಳ್ಳುತ್ತಿರುವವಳು ನಾನು ಒಬ್ಬಳೇ. ಇದರಿಂದ ಸಮಾಧಾನ ಬೇಡುವಂತಿಲ್ಲ. ಅದಕ್ಕೆ ಸಾವಿರಾರು ತಲೆಮಾರು ಸಿಕ್ಕವು. ನನಗೆ ಕೀಲಿಮಣೆ ಅಜ್ಜ ಸಿಕ್ಕಿದ್ದಾರೆ. ಅದರಲ್ಲೇ ಸಂಭಾಳಿಸಬೇಕು.

ವಿಚಿತ್ರ — ಹಾಗಂದುಕೊಂಡಾಗಲೇ ಎದೆ ಹಗುರವಾದದ್ದು.

ಏಪ್ರಿಲ್ 30

ಪ್ರೆಸ್ಸಿಗೆ ಹೋದೆ. ವಿಶ್ರಾಂತಿಯ ತಿಂಗಳು ಮುಗಿದು ವಾರ ದಾಟಿತ್ತು, ಯಾರೂ ಕರೆದಿರಲಿಲ್ಲ.

“ಕಿವಿಯಿಂದ ಪ್ರೂಫ್ ನೋಡ್ತೀನಿ ಸರ್. ಕಡತಗಳನ್ನ ಯುನಿಕೋಡ್ ಮಾಡಿ ಕೊಡ್ಬೇಕು.”

“ಆಗೋ ಮಾತಾ ಇದು?”

“ಒಂದು ಪುಸ್ತಕ ಕೊಡಿ. ಆಗದಿದ್ರೆ ನಾನೇ ಬಿಟ್ಟುಹೋಗ್ತೀನಿ.”

ಡಿಟಿಪಿ ಹುಡುಗಿ, “ಬದಲಾಯಿಸಿ ನಾನು ಕೊಡ್ತೀನಿ ಸರ್,” ಎಂದಳು. ಯಜಮಾನರು ಮೇಜಿನ ಮೇಲೆ ಬೆರಳು ಬಡಿದರು, ಬಡಿದರು. “ಲೆಕ್ಕದ ಪುಸ್ತಕ ಆಗಲ್ಲ. ಕಥೆದು ಒಂದಿದೆ. ತಗೊಳ್ಳಿ.”

ಇನ್ನೂ ಕೆಲಸ ಸಿಕ್ಕಿಲ್ಲ. ಪರೀಕ್ಷೆ ಸಿಕ್ಕಿದೆ. ಸಾಕು.

ಮೇ 4, ಭಾನುವಾರ, ಸಂಜೆ

ದಿನಚರಿಯನ್ನೂ ಇವತ್ತಿನಿಂದ ಕಂಪ್ಯೂಟರಿನಲ್ಲೇ ಬರೆಯುವುದು. ಕೈಬರಹದ ಸಾಲು ಒಂದರ ಮೇಲೊಂದು ಹತ್ತುತ್ತಿದೆ.

ತೊಂದರೆ ಒಂದೇ. ನಾನು ಟೈಪ್ ಮಾಡಿದ್ದನ್ನೆಲ್ಲ ಯಂತ್ರ ಗಟ್ಟಿಯಾಗಿ ಓದುತ್ತದೆ. ಇಯರ್‌ಫೋನ್ ಎಲ್ಲಿಟ್ಟೆನೋ. ಪಕ್ಕದ ಕೋಣೆಯಲ್ಲಿ ಇವರು ಪತ್ರಿಕೆ ಮಗುಚುವ ಸದ್ದು ನಿಂತಿತು. ಈಗ ಬಾಗಿಲ ಹತ್ತಿರ ಇದ್ದಾರೆ. ನಾನು ತಿರುಗಿ ನೋಡುತ್ತಿಲ್ಲ. ಗುಹೆ ನೋಡಿ ಬಂದಮೇಲೆ ಉಪ್ಪು, ಹಾಲು, ಕರೆಂಟು ಬಿಲ್ಲು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿಲ್ಲ.

ಇಯರ್‌ಫೋನ್ ಮೇಜಿನ ಮೇಲೇ ಇದೆ, ಕೈಗೆ ತಾಕಿತು. ಹಾಕಿಕೊಳ್ಳುತ್ತಿಲ್ಲ.

ಕೇಳಿಸಿಕೊಳ್ಳಿ. ಅವತ್ತು ಊಟಕ್ಕೆ ಕೂತಾಗ ಬೇಡ ಅಂದದ್ದು ನಿಮ್ಮನ್ನಲ್ಲ. ನೀವಿಲ್ಲದ ಹೊತ್ತಿಗೆ ನಾನು ಏನಾಗುತ್ತೇನೆ ಅಂತ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು. ಇನ್ನು ಮುಂದೆ ಜೊತೆಗೆ ಬನ್ನಿ. ಅರ್ಧ ಹೆಜ್ಜೆ ಮುಂದೆ ಬೇಡ, ಪಕ್ಕದಲ್ಲಿ. ನಾನು ನಿಮ್ಮ ಭುಜ ಹಿಡಿದುಕೊಳ್ಳುತ್ತೇನೆ.

ಯಂತ್ರ ಅಷ್ಟನ್ನೂ ಓದಿತು, ಭಾವವಿಲ್ಲದ ದನಿಯಲ್ಲಿ. ಕುರ್ಚಿ ಎಳೆದ ಸದ್ದು. ಹತ್ತಿರ ಬಂದು ಕೂತರು.

“ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರಿಗೆ ‘ಗಾಬರಿ ಆಗ್ಬೇಡಿ’ ಅಂತ ಹೊರಗಿಂದ ಕೂಗ್ತೀವಿ. ಆಚೆ ನಿಂತೋನಿಗೆ ಯಾರೂ ಕೂಗಲ್ಲ.” ಕೀಲಿಮಣೆಯನ್ನು ನನ್ನತ್ತ ಸರಿಸಿ, “ನನ್ ಮಾತೂ ಬರ್ಕೋ,” ಎಂದರು.

ಬರೆದುಕೊಳ್ಳುತ್ತಿದ್ದೇನೆ.

“ಒಂದು, ನಂಗೂ ಭಯ ಆಗತ್ತೆ. ಎರಡು, ಪಕ್ಕದಲ್ಲಿ ನಡೆಯೋದು ಹೆಂಗೆ ಅಂತ ನೀನೇ ಹೇಳ್ಕೊಡ್ಬೇಕು.”